ಆಮೆ ಹಿಂದಕ್ಕೆ ಬಂದ ಬೆಳಿಗ್ಗೆ

ನನ್ನ ಗಂಡ ಓಸ್ಮಾರ್ ಏಳನೇ ವಯಸ್ಸಿನಲ್ಲಿ ಜ್ವರ ಬಂದು ಕಿವುಡನಾದವನು. ನಮ್ಮ ಮದುವೆಯಾದ ವರ್ಷ ತಲೆಬುರುಡೆಯೊಳಗೆ ಯಂತ್ರದ ಕಿವಿ ಕೂರಿಸಿಕೊಂಡ. ಅಂದಿನಿಂದ ಬ್ರೆಡ್ ಬೇಯಿಸುತ್ತಾ ಹಾಡಿದ್ದೇ ಹಾಡಿದ್ದು. ರಾಗ ಮಾತ್ರ ಒಂದೂ ಸರಿ ಬರುತ್ತಿರಲಿಲ್ಲ.

ನಮ್ಮ ಕೊರೂಜ ಗುಡ್ಡದಲ್ಲಿ ಅರ್ಧಕ್ಕರ್ಧ ಜನರ ಮೈಯಲ್ಲಿ ಇಂಥ ಯಂತ್ರಗಳಿವೆ. ಆಸ್ಪತ್ರೆಯದ್ದು ನಮ್ಮಂಥವರ ಕೈಗೆ ಎಟುಕುವುದಿಲ್ಲ, ಹಾಗಾಗಿ ಎಲ್ಲವೂ ಕದ್ದುಮುಚ್ಚಿ ತಯಾರಾದವು. ಅವನ್ನು ತಯಾರಿಸುವವರನ್ನು ಹಿಡಿಯಲೆಂದು ಪೊಲೀಸರು ಸೈನ್ಯದ ಹಳೆಯ ಉಕ್ಕಿನ ಗಾಡಿಗಳನ್ನು ತಂದರು. ನಾವು ಅವಕ್ಕೆ ಆಮೆ ಎನ್ನುತ್ತಿದ್ದೆವು. ಒಂದನ್ನು ಓಡಿಸುತ್ತಿದ್ದವನು ನನ್ನ ಸ್ವಂತ ತಮ್ಮ ಎವಾಂದ್ರೊ.

ಭಾನುವಾರ ಅವನು ಊಟಕ್ಕೆ ಬಂದರೆ ಓಸ್ಮಾರ್ ಕಾಲೆಳೆಯದೆ ಬಿಡುತ್ತಿರಲಿಲ್ಲ. "ಏನಯ್ಯಾ, ನಿನ್ ಆಮೆ ಮೊಟ್ಟೆ ಇಡ್ತಾ?"

"ಇಟ್ರೆ ನಿಮ್ಗೇ ಕಾವು ಕೊಡೋಕೆ ತಂದುಕೊಡ್ತೀನಿ, ಭಾವ."

ಆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಮೆ ನಮ್ಮ ಓಣಿಗೆ ನುಗ್ಗಿತು. ಅದು ಬಂತೆಂದರೆ ಅದರೊಳಗಿನ ತಡೆಯಂತ್ರಕ್ಕೆ ಸುತ್ತಲಿನ ರೇಡಿಯೋ ಸಂಕೇತಗಳೆಲ್ಲ ಸತ್ತು, ನಮ್ಮ ಮೈಯಲ್ಲಿನ ಯಂತ್ರಗಳೂ ನಿಂತುಹೋಗುತ್ತವೆ. ಪಕ್ಕದ ಮನೆಯ ಮುದುಕಿಯ ಯಂತ್ರದ ಕಣ್ಣು ಆರಿತು. ಓಸ್ಮಾರನ ಕಿವಿಯೂ ನಿಂತಿತು. ಅವನು ಓಣಿಯಲ್ಲಿ ಗಾಡಿಗೆ ಬೆನ್ನು ಹಾಕಿ, ಬುಟ್ಟಿಯಿಂದ ಚೆಲ್ಲಿದ ಬ್ರೆಡ್ ಆರಿಸುತ್ತಿದ್ದ. ಓಣಿಯ ಕೊನೆಯಲ್ಲಿ ತಿರುಗಲು ಜಾಗ ಸಿಗದೆ ಗಾಡಿ ಹಿಂದಕ್ಕೆ ಬರತೊಡಗಿತು.

"ಓಸ್ಮಾರ್! ಈ ಕಡೆ ಬಾ!" ಎಂದು ಕಿರುಚಿದೆ, ಎರಡೂ ಕೈ ಬೀಸಿದೆ. ಅವನು ತಲೆಯೆತ್ತಿ ನೋಡಿದ. ಕಾಫಿಗೆ ಕರೆಯುತ್ತಿದ್ದೇನೆ ಅಂದುಕೊಂಡನೋ ಏನೋ, ನಕ್ಕು ಎರಡು ಬೆರಳು ತೋರಿಸಿದ. ಎರಡು ನಿಮಿಷ ಅಂತ.

ಗಾಡಿಯ ಮೇಲಿನ ಮುಚ್ಚಳ ತೆರೆದು ಎವಾಂದ್ರೊ ಇಳಿದ. ಚಕ್ರದ ಕೆಳಗಿದ್ದವನ ಅಂಗಿ ಗುರುತು ಸಿಕ್ಕಿದ್ದೇ ಅಲ್ಲೇ ಕುಸಿದ. "ಅಕ್ಕಾ, ಕಾಣ್ಲಿಲ್ಲ... ಹಿಂದ್ಗಡೆದು ಏನೂ ಕಾಣ್ಲಿಲ್ಲ ಅಕ್ಕಾ..."

ಮೂರು ಸಲ ಧ್ವನಿವರ್ಧಕದಲ್ಲಿ ಎಚ್ಚರಿಸಲಾಗಿತ್ತು ಎಂದು ಠಾಣೆಯಲ್ಲಿ ಬರೆದುಕೊಂಡರು. "ಕೇಳೋ ಕಿವೀನ ನೀವೇ ಆರಿಸಿ, ಆಮೇಲೆ ಕೂಗಿದ್ರೆ ಯಾರಿಗೆ ಕೇಳತ್ತೆ ಸ್ವಾಮಿ?" ಎಂದೆ. ಅಧಿಕಾರಿ ಕಾಗದವನ್ನು ಎವಾಂದ್ರೊನ ಮುಂದೆ ಸಹಿಗೆ ಸರಿಸಿದ.

ಎವಾಂದ್ರೊ ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಕಿವಿ ಸತ್ತಿದ್ದು ಗಾಡಿಯಿಂದಲೇ ಎಂದು ವಿಚಾರಣೆಯಲ್ಲಿ ಎಲ್ಲರೆದುರು ಹೇಳಿದ. ಅವನ ಕೆಲಸ ಹೋಯಿತು. ವರದಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಮರುವಾರ ಬಂದು ಬಾಗಿಲು ತಟ್ಟಿದ. "ಅಕ್ಕಾ, ಬೈಯೋದಾದ್ರೂ ಬೈಯಿ."

ನನ್ನ ತಮ್ಮ ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ಆದರೂ ಚಿಲಕದ ಮೇಲಿಟ್ಟ ಕೈ ಅಲುಗಲಿಲ್ಲ. ಬಾಗಿಲಿಗೊರಗಿ ಕೂತೆ. ಆಚೆ ಅವನೂ ಒರಗಿ ಕೂತಿದ್ದು ಹಲಗೆಯ ಮೂಲಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅವನ ಅಳು ನಿಲ್ಲುವವರೆಗೂ ಎದ್ದು ಹೋಗಲು ನನ್ನಿಂದಾಗಲಿಲ್ಲ, ತೆರೆಯಲೂ ಆಗಲಿಲ್ಲ.