ಸುಮ್ಮನಾದ ಚಂಡಿ

ಕಪ್ಪು ಕೋಟಿನ ಮೇಲೆ ಒಂದು ಬಿಳಿ ಕೂದಲೂ ಇಲ್ಲ, ಎಷ್ಟು ಚೊಕ್ಕ, ಎಂದುಕೊಳ್ಳುತ್ತಲೇ ಅವಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ನಿಂತಿತು — ಈ ಚೊಕ್ಕತನಕ್ಕೇ ಅಲ್ಲವೇ ತಿಂಗಳಿಂದ ಹಿಗ್ಗಿದ್ದು, ಮಡಚಿಟ್ಟ ಬಟ್ಟೆಯ ಬಿಸಿ ರಾಶಿಯ ಮೇಲೆ ಹಾರಿ ಕೂತು ಗಿರಾಕಿಗಳಿಂದ ಬೈಸುತ್ತಿದ್ದ ಬಿಳಿ ಬೆಕ್ಕು, ಅಂಗಡಿಯ ಚಂಡಿ, ಹಾರುವುದನ್ನೇ ಬಿಟ್ಟಿತ್ತು, ಮೇಜಿನ ಕೆಳಗೆ ಮುದುಡಿ ಬಿದ್ದಿರುತ್ತಿತ್ತು, ಎದ್ದರೆ ಗೋಡೆಯ ಸುಣ್ಣ ನೆಕ್ಕುತ್ತಿತ್ತು, ನಮ್ಮ ಚಂಡಿಗೆ ಬುದ್ಧಿ ಬಂತು ಕಣೇ ಅಕ್ಕ ಎಂದಿದ್ದಳು ತಾನೇ, ಬೆಕ್ಕಿಗೆ ಬುದ್ಧಿ ಬಂದ್ರೆ ಇಲಿಗೆ ರೆಕ್ಕೆ ಬರತ್ತೆ ಬಿಡೇ, ಅಂಗಿಗೆ ನೀರು ಚಿಮುಕಿಸುತ್ತ ಅಕ್ಕ ನಕ್ಕಿದ್ದಳು. ಮೊನ್ನೆ ಪಶು ಆಸ್ಪತ್ರೆಗೆ ಒಯ್ದಾಗ ಡಾಕ್ಟರಮ್ಮ ನಗಲಿಲ್ಲ, ಚಂಡಿಯ ತುಟಿ ಎತ್ತಿ ಒಸಡು ತೋರಿಸಿದರು, ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತಿತ್ತು, ಹೆಬ್ಬೆರಳಿಂದ ಒತ್ತಿ ಬಿಟ್ಟರು, ಒತ್ತಿದ ಜಾಗ ಯಾವುದು ಒತ್ತದ್ದು ಯಾವುದು ತಿಳಿಯಲಿಲ್ಲ, ರಕ್ತವೇ ಇಲ್ಲಮ್ಮ ಇದರಲ್ಲಿ, ಕೂದಲ ಬುಡದಿಂದ ಕರಿಪುಡಿ ಬಾಚಿ ಒದ್ದೆ ಹತ್ತಿಯ ಮೇಲೆ ಉದುರಿಸಿದರು, ಧೂಳೆಂದುಕೊಂಡಿದ್ದು ಕೆಂಪಗೆ ಹರಡಿತು, ಚಿಗಟದ ಹಿಕ್ಕೆ, ಅವು ಕುಡಿದ ಇದರ ರಕ್ತವೇ ಅದು, ಬೇರೆ ಕಾರಣ ಇದೆಯಾ ಅಂತಾನೂ ಪರೀಕ್ಷೆ ಮಾಡೋಣ, ರಕ್ತ ಒಟ್ಟಿಗೆ ಹೋದ್ರೆ ಗೊತ್ತಾಗತ್ತೆ, ದಿನಾ ಚೂರುಚೂರು ಹೋದ್ರೆ ಬೆಕ್ಕು ಹೇಳಲ್ಲ, ಸುಮ್ಮನಾಗತ್ತೆ.

ಸುಮ್ಮನಾಗತ್ತೆ — ಅಮ್ಮನೂ ಸುಮ್ಮನಾಗಿದ್ದಳು, ಉಪ್ಪು ಹೆಚ್ಚೆಂದರೆ ನೀವೇ ಬೇಯಿಸ್ಕೊಳ್ಳಿ ಎಂದು ಸೌಟು ಕುಕ್ಕುತ್ತಿದ್ದವಳು ಒಂದು ವರ್ಷ ಮಾತಿಗೆ ಮಾತು ಬೆಳೆಸುವುದನ್ನು ಬಿಟ್ಟಳು, ಮೆಟ್ಟಿಲ ನಡುವೆ ಕೂತುಬಿಡುತ್ತಾಳೆ, ಕದ್ದು ಹಸಿ ಅಕ್ಕಿ ಜಗಿಯುತ್ತಾಳೆ, ಅಂತೂ ನನ್ನ ಹೆಂಡ್ತಿಗೆ ಬುದ್ಧಿ ಬಂತು ಎಂದು ಅಪ್ಪ ಬಂದವರ ಮುಂದೆ ಬೀಗುತ್ತಾನೆ, ತಿಂಗಳು ತಿಂಗಳು ಅವಳಿಂದ ಎಷ್ಟು ಹೋಗುತ್ತಿತ್ತೆಂದು ಅವಳಿಗೆ ಗೊತ್ತು, ಬಚ್ಚಲಿಗೆ ಗೊತ್ತು, ಕೊನೆಗೆ ನರ್ಸು ಕಣ್ಣಿನ ಕೆಳರೆಪ್ಪೆ ಎಳೆದಾಗ ಒಳಗೆ ಸೌತೆಬೀಜದ ಬಿಳುಪು, ಇಷ್ಟು ದಿನ ಏನ್ ನೋಡ್ತಿದ್ರಿ ನೀವೆಲ್ಲ. ಏನು ನೋಡುತ್ತಿದ್ದೆವು, ಜಗಳವಿಲ್ಲದ ಮನೆ ನೋಡುತ್ತಿದ್ದೆವು, ಆ ಮೌನದಲ್ಲೇ ಹೋಗಿಬಿಟ್ಟಳು. ಎಷ್ಟು ಸಲ ಉಜ್ತೀಯೇ, ಕೋಟು ತೂತಾಗತ್ತೆ, ಹೋಗಿ ಚಂಡೀನ ನೋಡಬಾರ್ದಾ, ಅಕ್ಕನ ಧ್ವನಿ. ನಿನ್ನೆ ಚಂಡಿಗೆ ಏರಿಸಲು ರಕ್ತ ಹೊಂದಿದ್ದು ಎದುರಿನ ದರ್ಜಿಯ ದಢೂತಿ ಗಂಡು ಬೆಕ್ಕಿನದು, ತಿಂದು ತಿಂದು ಕೊಬ್ಬಿದಾನೆ ನನ್ನ ಮಗ, ಒಂದು ಒಳ್ಳೇ ಕೆಲಸ ಮಾಡ್ಲಿ ತಗೊಳ್ಳಿ ಎಂದಿದ್ದ ದರ್ಜಿ, ರಕ್ತ ಏರಿಸಿ ಇವತ್ತು ಮಧ್ಯಾಹ್ನ ಚಂಡಿಯನ್ನು ವಾಪಸು ಕಳಿಸುವಾಗ ಡಾಕ್ಟರಮ್ಮ ಹೇಳಿದ್ದರು, ಸಂಜೆ ಒಸಡು ಒತ್ತಿ ನೋಡಿ, ಬೆರಳು ತೆಗೆದ ಕೂಡಲೇ ಬಣ್ಣ ಮರಳಬೇಕು, ಮರಳದಿದ್ರೆ ಉಳಿಯೋದು ಕಷ್ಟ, ಓಡಿ ಬನ್ನಿ. ಸಂಜೆಯಾಗಿದೆ, ದೀಪ ಹಾಕಿಯಾಗಿದೆ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಮೇಜಿನ ಬಳಿ ಮೊಣಕಾಲೂರಿದಳು, ಚಂಡಿ ಕಣ್ಣು ಬಿಡಲಿಲ್ಲ, ತುಟಿ ಎತ್ತಿದಳು, ಹೆಬ್ಬೆರಳು ಒತ್ತಿದಳು, ಇನ್ನು ತೆಗೆಯಬೇಕು, ತೆಗೆಯಲು ಧೈರ್ಯವಿಲ್ಲ, ಒತ್ತಿಕೊಂಡಿರುವಷ್ಟು ಹೊತ್ತು ಯಾವ ಬೆಕ್ಕಿನದಾದರೂ ಬಿಳಿಯೇ — ಕಿವಿ ಹಿಂದಕ್ಕೆ ಮಡಚಿತು, ಗಂಟಲಲ್ಲಿ ಗುರುಗುರು, ಥೂ ಸುಮ್ನಿರೇ ಎನ್ನಹೋಗಿ ಮಾತನ್ನು ನುಂಗಿದಳು, ಸುಮ್ಮನಿರಬೇಡ, ಮಹರಾಯ್ತಿ, ಸುಮ್ಮನಿರಬೇಡ — ಕಚಕ್ಕೆಂದು ಕಚ್ಚಿತು, ಏನಾಯ್ತೇ, ಅಕ್ಕ ಕೂಗುತ್ತಿದ್ದಾಳೆ, ಚಂಡಿಯ ತೆರೆದ ಬಾಯೊಳಗೆ ನಸುಗೆಂಪು, ಅದರದ್ದೋ ತನ್ನದೋ, ಹೆಬ್ಬೆರಳು, ಹೆಬ್ಬೆರಳ ಮೇಲೆ ಕೆಂಪು ಹನಿ, ಒಂದು ಕೆಂಪು ಹನಿ.