ಹೊರಟ ಮನೆ

ಶವಪೆಟ್ಟಿಗೆ ವಾಹನದಿಂದ ಅರ್ಧ ಹೊರಗೆ ಬಂದಿತ್ತು. ವಿಲ್ಫ್ ಎಪ್ಟನ್ ಅದರ ಎಡಬದಿಗೆ ಕೈಹಾಕಿ, ತನ್ನ ಮಂಡಿ ಕೈಕೊಡದಿದ್ದರೆ ಸಾಕು ಎಂದುಕೊಳ್ಳುತ್ತಿರುವಾಗ ತೀರಿಕೊಂಡ ಮೇವಿಸ್‌ಳ ತಮ್ಮ ಡೆರಿಕ್ ಮುಂದೆ ಬಂದು ಮುಚ್ಚಳದ ಮೇಲೆ ಅಂಗೈ ಊರಿದ.

"ನಿಲ್ಸಿ," ಎಂದ. "ಈ ಬೋಗಿಯೊಳಗೆ ಬೇಡ."

ಹೊತ್ತವರು ನಿಂತರು. ಪ್ಲಾಟ್‌ಫಾರ್ಮಿನಾಚೆ ಎಂಜಿನ್ನು ಸಣ್ಣಗೆ ಹಬೆ ಬಿಡುತ್ತಿತ್ತು. ಅದರ ಹಿಂದೆ ಒಂದೇ ಒಂದು ಬೋಗಿ, ವಾರ್ನಿಷ್ ಬಳಿದ ತೇಗದ್ದು. ಹಳೇ ರೈಲುಗಳನ್ನು ದುರಸ್ತಿ ಮಾಡಿ ಓಡಿಸುವ ಷೆಡ್ಡಿನ ಸ್ವಯಂಸೇವಕರೆಲ್ಲ ಎಣ್ಣೆಯ ಕಲೆಯ ಬಟ್ಟೆ ಬಿಟ್ಟು ಕರಿಕೋಟು ಹಾಕಿಕೊಂಡು ಅದರ ಉದ್ದಕ್ಕೂ ನಿಂತಿದ್ದರು.

ಡೆರಿಕ್ ಆವತ್ತು ಬೆಳಿಗ್ಗೆ ನಾಟಿಂಗ್‌ಹ್ಯಾಮಿನಿಂದ ಕಾರು ಓಡಿಸಿಕೊಂಡು ಬಂದಿದ್ದ. ಚರ್ಚು ಲೈನಿನ ಆ ತುದಿಯಲ್ಲಿದೆ, ಮೇವಿಸ್‌ಳನ್ನು ನಮ್ಮ ರೈಲಿನಲ್ಲೇ ಕರೆದೊಯ್ಯುತ್ತೇವೆ ಎಂದು ವಿಲ್ಫ್ ಫೋನಿನಲ್ಲಿ ಹೇಳಿದಾಗ ಒಪ್ಪಿಯೂ ಇದ್ದ. ಯಾವ ಬೋಗಿ ಎಂದು ವಿಲ್ಫ್ ಹೇಳಿರಲಿಲ್ಲ. ಅದನ್ನೂ ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ. ಬಂದ ಮೇಲೆ ಡೆರಿಕ್ ಬೋಗಿಯ ಮೈ ಸವರಿ, ಕೆಲಸ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿಕೊಂಡ. ಸೀಟುಗಳಿಗೆ ಬಟ್ಟೆ ಹೊಲಿದ ಪೌಲೀನ್ ಸಮಾಧಾನದ ಮಾತಾಡಲು ಹೋಗಿ, "ಗುರುತು ಸಿಗ್ಲಿಲ್ವಾ? ಇದು ನಿಮ್ಮನೇನೇ ಅಲ್ವಾ," ಎಂದುಬಿಟ್ಟಳು. ಆಗ ಅವನ ಮುಖ ಬಿಳುಚಿಕೊಂಡಿತು.

*

ಯುದ್ಧ ಮುಗಿದು, ಕೈಯಲ್ಲಿ ನಾಲ್ಕು ಕಾಸಿದ್ದರೂ ಮನೆ ಸಿಗದ ದಿನಗಳಲ್ಲಿ ಹಳೇ ಬೋಗಿಗಳನ್ನು ಚಕ್ರ ಕಳಚಿ ಮಾರುತ್ತಿದ್ದರು. ಮೇವಿಸ್‌ಳ ಅಪ್ಪ ಒಂದನ್ನು ತಂದು ಸಮುದ್ರದಂಡೆಯ ಮರಳುದಿಬ್ಬದ ಮೇಲೆ ಕೂರಿಸಿದ. ಒಂದು ಕಂಪಾರ್ಟ್‌ಮೆಂಟು ಅಡುಗೆಮನೆಯಾಯಿತು, ಉಳಿದವು ಮಲಗುವುದಕ್ಕೆ, ಕೂರುವುದಕ್ಕೆ. ಮೇವಿಸ್ ಹುಟ್ಟಿದ್ದು ಅದರಲ್ಲೇ. ದೊಡ್ಡವಳಾಗಿ ಎಲ್ಸ್‌ಥೋರ್ಪಿನ ಶಾಲೆಯಲ್ಲಿ ಅಡುಗೆಗೆ ಸೇರಿದಳು. ಅಲ್ಲಿ ಮಕ್ಕಳಿಗೆ ಆಲೂಗಡ್ಡೆ ಬೇಯಿಸಿಹಾಕಿ, ಸಂಜೆ ಬಂದು ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಳು. ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೂ ಅಲ್ಲೇ ಇದ್ದಳು. ಕೊನೆಗೆ ಸಮುದ್ರ ದಿಬ್ಬವನ್ನು ಕೊರೆಯುತ್ತ ಬಾಗಿಲ ಹತ್ತಿರಕ್ಕೇ ಬಂದಾಗ ಪಟ್ಟಣದ ಆಡಳಿತದವರು ಅವಳಿಗೊಂದು ಫ್ಲ್ಯಾಟು ಕೊಟ್ಟು ಎಬ್ಬಿಸಿದರು. ಬೋಗಿ ಈ ಹಳೇ ಲೈನಿನವರ ಪಾಲಾಯಿತು.

ಅದು ಷೆಡ್ಡಿಗೆ ಬಂದ ಹೊಸದರಲ್ಲಿ ಒಂದು ಶನಿವಾರ ವಿಲ್ಫ್ ಒಳಗೆ ಸ್ಟೂಲು ಹತ್ತಿ ಒಂದು ಕಪಾಟು ಕೀಳುತ್ತಿದ್ದ. ಅವನು ಬಸ್ಸು ಓಡಿಸಿ ನಿವೃತ್ತನಾದವನು, ಮರಗೆಲಸ ಕಲಿತದ್ದು ಷೆಡ್ಡಿನಲ್ಲೇ. ಕೆಳಗಿನಿಂದ ಯಾರೋ, ನಮ್ಮ ಅಡುಗೆಮನೇಲಿ ಏನು ಮಾಡ್ತಾ ಇದೀರ ಎಂದು ಕೇಳಿದರು.

"ದರಿದ್ರದ್ದೊಂದು ಕಪಾಟು ಕೀಳ್ತಿದೀನಿ," ಎಂದ ವಿಲ್ಫ್, ತಿರುಗಿ ನೋಡದೆ.

"ಅದು ನಮ್ಮಪ್ಪ ಮಾಡಿದ್ದು."

ಅವನು ಸ್ಟೂಲಿನಿಂದ ಇಳಿದ. ಚೀಲ ಹಿಡಿದ ಗಿಡ್ಡ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಅವನು ಕ್ಷಮೆ ಕೇಳಲು ತಡವರಿಸುತ್ತಿದ್ದರೆ ಅವಳು ಕಪಾಟನ್ನೊಮ್ಮೆ ನೋಡಿ, ದರಿದ್ರದ್ದೇ, ಅಮ್ಮನೂ ಹಾಗೇ ಅಂತಿದ್ದಳು ಎಂದಳು. ಮುಂದಿನ ಶನಿವಾರ ಹಳೇ ಬಟ್ಟೆ ಉಟ್ಟುಕೊಂಡು ಬಂದು, ನನಗೂ ಏನಾದರೂ ಕೆಲಸ ಕೊಡಿ ಎಂದಳು.

ಗೋಡೆಗೆ ಅಂಟಿಸಿದ್ದ ಕಾಗದವನ್ನೆಲ್ಲ ಕೆರೆದವಳು ಅವಳೇ. ಮೊದಲು ತಾನೇ ಆರಿಸಿ ತಂದ ನೀಲಿ ಹೂಗಳು, ಅದರಡಿ ಅಮ್ಮನ ಕಾಲದ ಹಸಿರು ಪಟ್ಟಿ, ಅದರಡಿ ಯಾವುದೆಂದು ಅವಳಿಗೂ ನೆನಪಿಲ್ಲದ್ದು, ಆಮೇಲೆ ಮರ. ಒಂದು ಮೂಲೆಯಲ್ಲಾದರೂ ಸ್ವಲ್ಪ ಕಾಗದ ಉಳಿಸೋಣ, ಬಂದವರಿಗೆ ನೋಡಲು ಇರಲಿ ಎಂದು ವಿಲ್ಫ್ ಹೇಳಿದ. ನಿಜಕ್ಕಾದರೆ ಅವಳಿಗಾಗಿ ಉಳಿಸಬೇಕು ಎಂದೇ ಅವನ ಮನಸ್ಸಿನಲ್ಲಿದ್ದದ್ದು.

"ಅರ್ಧ ಮನೆ, ಅರ್ಧ ರೈಲು ಮಾಡಿದ್ರೆ ಎರಡೂ ಆಗಲ್ಲ ಕಣೋ," ಎಂದಳು ಮೇವಿಸ್. "ರೈಲು ಅಂದ್ಮೇಲೆ ರೈಲು ಮಾಡು."

ಅವಳು ಆ ಮೂಲೆಯನ್ನೂ ಕೆರೆದಳು. ಆವತ್ತು ಮಧ್ಯಾಹ್ನದ ಟೀ ಮಾತ್ರ ಕುಡಿಯಲಿಲ್ಲ.

*

"ಶಾಲೇಲಿ ನನ್ನನ್ನ ಕಂಡ್ರೆ ಟಿಕೆಟ್ ಟಿಕೆಟ್ ಅಂತ ಕೂಗ್ತಿದ್ರು," ಎಂದ ಡೆರಿಕ್. ಪೆಟ್ಟಿಗೆಯ ಮೇಲಿನ ಕೈ ತೆಗೆದಿರಲಿಲ್ಲ. "ಓಡಿಹೋಗೋ ವಯಸ್ಸು ಬಂದ ಕೂಡ್ಲೇ ಓಡಿಹೋದೆ. ಇಟ್ಟಿಗೆ ಮನೆ ಕಟ್ಟಿಸ್ದೆ. ಅವಳಿಗೂ ಒಂದು ರೂಮು ಇಟ್ಟಿದ್ದೆ, ಗೊತ್ತಾ ನಿಮ್ಗೆ? ಪ್ರತಿ ಕ್ರಿಸ್‌ಮಸ್‌ಗೂ ಹೇಳ್ತಿದ್ದೆ, ಬಿಟ್ಟು ಬಾ ಅಕ್ಕಾ ಅಂತ. ಅಮ್ಮ ಇದ್ದಾಗ ಅಮ್ಮನ ನೆಪ. ಅಮ್ಮ ಸತ್ಮೇಲೆ ನೆಪಾನೂ ಇಲ್ದೆ ಕೂತ್ಲು. ಜೀವಮಾನವಿಡೀ ಇದರಿಂದ ಅವಳನ್ನ ಹೊರಗೆ ಎಳೀಬೇಕು ಅಂತ ನೋಡ್ದೆ. ಈಗ ನೀವು ಪೆಟ್ಟಿಗೇಲಿಟ್ಟು ಮತ್ತೆ ಒಳಗೇ ಹಾಕ್ತೀರಲ್ಲ."

ಪೌಲೀನ್ ಕೈಗವಸನ್ನು ಹಿಂಡುತ್ತ ನಿಂತಿದ್ದಳು.

"ಅವಳೇನಾದ್ರೂ ಕೇಳ್ಕೊಂಡಿದ್ಲಾ, ಇದರಲ್ಲೇ ಕರ್ಕೊಂಡ್ಹೋಗಿ ಅಂತ?" ಡೆರಿಕ್ ವಿಲ್ಫ್‌ನ ಕಡೆ ತಿರುಗಿ ಕೇಳಿದ.

ಕೇಳಿಕೊಂಡಿದ್ದಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಷೆಡ್ಡಿನವರೆಲ್ಲ ತನ್ನ ಮುಖವನ್ನೇ ನೋಡುತ್ತಿರುವುದು ವಿಲ್ಫ್‌ಗೆ ಗೊತ್ತಿತ್ತು.

"ಇಲ್ಲ," ಎಂದ. "ಸಾಯೋ ಮಾತೇ ಆಡ್ತಿರ್ಲಿಲ್ಲ ಅವಳು."

ಅದು ನಿಜ. ಹೋದ ವಾರ ಶನಿವಾರ ಅವಳು ಬರಲಿಲ್ಲ, ಫೋನೂ ಎತ್ತಲಿಲ್ಲ. ವಿಲ್ಫ್ ಫ್ಲ್ಯಾಟಿಗೆ ಹೋಗಿ ಪಕ್ಕದವರಿಂದ ಬೀಗದ ಕೈ ಇಸಿದುಕೊಂಡು ನೋಡಿದರೆ, ಅವಳು ಹಾಸಿಗೆಯಲ್ಲಿ ಗೋಡೆಕಡೆ ತಿರುಗಿ ಮಲಗಿದ್ದಳು.

ಅವನು ಶವವಾಹನದವರಿಗೆ ಪೆಟ್ಟಿಗೆಯನ್ನು ವಾಪಸು ಒಳಗಿಡಲು ಹೇಳಿದ. ಒಡಹುಟ್ಟಿದವನ ಮಾತು ಮೀರುವ ಹಕ್ಕು ತನಗಿಲ್ಲ ಎನ್ನುವುದು ಅವನಿಗೆ ತಿಳಿದಿತ್ತು. ಆದರೆ ಡೆರಿಕ್‌ಗೆ ಇನ್ನೊಂದು ವಿಷಯ ಗೊತ್ತಿದ್ದಂತಿರಲಿಲ್ಲ.

*

ಬೋಗಿ ಮೊದಲ ಸಲ ಓಡಿದ ದಿನ ಮೇವಿಸ್ ಬೂದುಬಣ್ಣದ ಹೊಸ ಕೋಟು ಹಾಕಿಕೊಂಡು ಬಂದಿದ್ದಳು. ವಿಲ್ಫ್ ಎದುರು ಕೂತ. ಅಡ್ಡಗೋಡೆಗಳು ಮತ್ತೆ ಎದ್ದಿದ್ದವು, ಬೋಗಿಯಡಿ ಬೇರೆಲ್ಲಿಂದಲೋ ತಂದ ಚಕ್ರಗಳಿದ್ದವು. ಶಿಳ್ಳೆ ಕೂಗಿತು. ಒಂದು ಜಗ್ಗು, ಇನ್ನೊಂದು ಜಗ್ಗು. ಕಿಟಕಿಯಾಚೆಯ ಬೇಲಿ ಹಿಂದಕ್ಕೆ ಸರಿಯಿತು.

ಮೇವಿಸ್ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದಳು. ಅವಳಿಗೆ ಹೆದರಿಕೆಯಾಯಿತೇನೋ ಎಂದು ವಿಲ್ಫ್ ಮುಂದಕ್ಕೆ ಬಾಗಿದ. ನೋಡಿದರೆ ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹುಟ್ಟಿದಾಗ್ನಿಂದ ಇದ್ರಲ್ಲೇ ಇದ್ದೆ ವಿಲ್ಫ್. ಒಂದು ಗಜಾನೂ ಮುಂದೆ ಹೋಗಿರ್ಲಿಲ್ಲ ಇದು." ಮೂಗು ಒರೆಸಿಕೊಂಡಳು. "ಡೆರಿಕ್‌ಗೆ ಹೇಳ್ಬೇಕು. ಕೊನೆಗೂ ಹೊರಟೆ ಕಣೋ ಅಂತ."

*

ವಿಲ್ಫ್ ಅದನ್ನು ಅವಳು ಹೇಳಿದ ಹಾಗೆಯೇ ಹೇಳಿದ. ಬೇರೇನೂ ಸೇರಿಸಲಿಲ್ಲ.

ಡೆರಿಕ್ ಹಳಿಗಳ ಕಡೆ ನೋಡಿದ. "ನಂಗೆ ಹೇಳ್ಲೇ ಇಲ್ಲ," ಎಂದ.

"ನೀವು ನಗ್ತೀರಿ ಅಂದ್ಕೊಂಡಿರ್ಬೇಕು."

"ನಗ್ತಿದ್ದೆ," ಎಂದ ಡೆರಿಕ್. ಒಪ್ಪಿಕೊಂಡ ಹಾಗಿತ್ತು ಅದು. ಬೋಗಿಯ ಕಡೆ ತಿರುಗಿ, ಎಲ್ಲಿಡಬೇಕು ಅಂತಿದ್ದಿರಿ ಎಂದು ಕೇಳಿದ.

ವಿಲ್ಫ್ ಮೂರನೇ ಬಾಗಿಲು ತೋರಿಸಿದ. ಅದರ ಹಿಡಿಯನ್ನು ಬೆಳಿಗ್ಗೆ ತಾನೇ ತಿಕ್ಕಿ ಹೊಳೆಯಿಸಿದ್ದ.

"ಅಡುಗೆಮನೇಲಾ? ಬೇಡಪ್ಪ. ಅವಳು ಅಲ್ಲಿ ನಿಂತೂ ನಿಂತೂ ಸವೆದಿದ್ದು ಸಾಕು." ಡೆರಿಕ್ ಬೋಗಿಯ ತುದಿಗೆ ನಡೆದು, ಎರಡು ಬಾಗಿಲುಗಳ ನಡುವೆ ಕೊಂಚ ತಡೆದು, ಎಂಜಿನ್ನಿಗೆ ಹತ್ತಿರದ್ದರ ಮುಂದೆ ನಿಂತ. "ಇದು ಮುಂದಿನ ಕೋಣೆ. ನೆಂಟರು ಬಂದ್ರೆ ಕೂರಿಸೋಕೆ ಅಂತ ಅಮ್ಮ ಇಟ್ಕೊಂಡಿದ್ಲು. ನಮ್ಮನ್ನ ಯಾವತ್ತೂ ಕೂರೋಕೆ ಬಿಡ್ಲಿಲ್ಲ. ಇಲ್ಲಿಡಿ."

ಪೆಟ್ಟಿಗೆ ಬಾಗಿಲಿನಿಂದ ನೇರವಾಗಿ ಒಳಗೆ ಜಾರಿ, ಎದುರುಬದುರು ಸೀಟುಗಳ ನಡುವೆ ಕೂತಿತು. ಪೌಲೀನ್ ಬಾಗಿ ಹೂಗಳನ್ನು ಸರಿಪಡಿಸಿದಳು. ಉಳಿದವರು ಹಿಂದಿನ ಬಾಗಿಲುಗಳತ್ತ ನಡೆದರು. ನಾನು ಅವಳ ಜೊತೆ ಕೂರುತ್ತೇನೆ ಎಂದ ಡೆರಿಕ್. ಮೆಟ್ಟಿಲು ಎತ್ತರವಾದೀತೆಂದು ವಿಲ್ಫ್ ಕೈ ಚಾಚಿದ.

ಡೆರಿಕ್ ಅದನ್ನು ಗಮನಿಸಲಿಲ್ಲ. ಬಾಗಿಲ ಅಡಿಹಲಗೆಯ ಮೇಲೆ ನಿಂತು, ಮರಳು ಒರೆಸಿಕೊಳ್ಳುವವನ ಹಾಗೆ ಎಡಗಾಲಿನ ಬೂಟು ಉಜ್ಜಿದ, ಬಲಗಾಲಿನದನ್ನೂ ಉಜ್ಜಿದ. ಆಮೇಲೆ, ಮೇಲೆ ನೋಡದೆಯೇ, ಚೌಕಟ್ಟಿಗೆ ತಾಗದಷ್ಟೇ ತಲೆ ಬಗ್ಗಿಸಿ ಒಳಗೆ ಹೋದ.