ಬಾಯಿಗೆ ಬಂದ ಉತ್ತರ

ಮುನಿಲಕ್ಷ್ಮಿ ರೇಷ್ಮೆ ಸೀರೆ ಉಟ್ಟು, ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕಾಣಿಸಿಕೊಂಡಾಗಲೇ ಸುನಂದಳಿಗೆ ತಾನು ಎಂಥ ಹೊತ್ತಿನಲ್ಲಿ ಈ ಮನೆಗೆ ಬಂದು ಕೂತಿದ್ದೇನೆಂಬುದು ಹೊಳೆದದ್ದು. ಅವಳ ಮಡಿಲಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆಯಿತ್ತು. ಎದುರಿನ ಜಮಖಾನೆಯ ಮೇಲೆ ದಪ್ಪ ಕುಂಕುಮದ ಹೆಂಗಸೊಬ್ಬಳು, ಅವಳ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಯುವಕ. ಇಬ್ಬರ ನಡುವೆ ಹೂವು, ಹಣ್ಣು, ಎಲೆ ಅಡಿಕೆ.

ಹುಡುಗಿಯ ಅಪ್ಪ ಕದಿರೇಶ್ ಫೋನಿನಲ್ಲಿ ಇಷ್ಟೇ ಹೇಳಿದ್ದ: "ಮಗೂದು ಮನೇಲಿ ಸಣ್ಣ ಫಂಕ್ಷನ್ ಇಟ್ಕೊಂಡಿದೀವಿ ಮೇಡಂ. ನೀವು ಬರ್ಲೇಬೇಕು." ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮುನಿಲಕ್ಷ್ಮಿಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಿತ್ತು. ಊರಿನವರು ಸೇರಿ ಒಂದು ಶಾಲು ಹೊದಿಸುತ್ತಾರೇನೋ ಎಂದುಕೊಂಡು ಸುನಂದ ಕೋಲಾರದಿಂದ ಮಾಲೂರಿಗೆ, ಅಲ್ಲಿಂದ ಮಾಸ್ತಿಗೆ ಬಸ್ಸು ಬದಲಿಸಿಕೊಂಡು ಖುಷಿಯಾಗಿಯೇ ಬಂದಿದ್ದಳು.

ಅವಳು ಕೋಲಾರದ ಕಾಲೇಜಿನಲ್ಲಿ ಮಹಿಳಾ ಅಧ್ಯಯನ ಕಲಿಸುವವಳು. ಹಳ್ಳಿಯ ಹೈಸ್ಕೂಲುಗಳಲ್ಲಿ ಹುಡುಗಿಯರಿಗೆ ಗಣಿತದ ಶಿಬಿರ ನಡೆಸುವುದು ಅವಳೇ ಹಚ್ಚಿಕೊಂಡ ಕೆಲಸ. ಲೆಕ್ಕದ ಭಯ ಯಾವ ಹುಡುಗಿಗೂ ಹುಟ್ಟಿನಿಂದ ಬರುವುದಿಲ್ಲ, ಮನೆಯವರೂ ಶಾಲೆಯವರೂ ಸೇರಿ ಬೆಳೆಸುತ್ತಾರೆ ಎಂದು ಅವಳು ಹೋದಲ್ಲೆಲ್ಲ ಹೇಳುತ್ತಿದ್ದಳು. ಮುನಿಲಕ್ಷ್ಮಿ ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ಶಿಬಿರಕ್ಕೆ ಬಂದವಳು, ಬೋರ್ಡಿನ ಮೇಲಿನ ಭಿನ್ನರಾಶಿ ನೋಡಿದ್ದೇ ಹೊರಗೋಡಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡಿದ್ದಳು. ಸುನಂದ ಅವಳನ್ನು ಬೈಯಲಿಲ್ಲ, ಓಲೈಸಲೂ ಇಲ್ಲ. ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದಳು. ಹುಡುಗಿ ಬಾಯಿ ತೆರೆಯಲು ಹೆದರಿ ತನ್ನತ್ತ ನೋಡಿದಾಗ ಒಂದು ಸಲ ತಲೆಯಾಡಿಸುತ್ತಿದ್ದಳು. ಹೇಳು, ತಪ್ಪಾದರೂ ಪರವಾಗಿಲ್ಲ ಎಂಬಂತೆ. ವರ್ಷ ಕಳೆಯುವುದರೊಳಗೆ ಹುಡುಗಿ ಬೋರ್ಡಿನ ಮುಂದೆ ನಿಂತು ಬೇರೆಯವರಿಗೆ ಹೇಳಿಕೊಡುವಂತಾದಳು.

"ಇವರೇ ನಮ್ಮ ಮಗು ಕೈ ಹಿಡಿದು ತಿದ್ದಿದ ಮೇಡಂ" ಎಂದು ಕದಿರೇಶ್ ಪರಿಚಯಿಸಿದ. "ಇವರು ಚಿಕ್ಕಗಂಗಮ್ಮ ಅಂತ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಅವರ ಮಗ, ಮುರಳಿಮೋಹನ್."

ಚಿಕ್ಕಗಂಗಮ್ಮ ಕೂತಲ್ಲಿಂದಲೇ ಕೈ ಮುಗಿದಳು. "ಪೇಪರಲ್ಲಿ ನಿಮ್ಮ ಜತೆ ಈ ಅಮ್ಮಾಯಿ ಫೋಟೋ ನೋಡಿದ್ವಿ ಮೇಡಂ. ನಮ್ಮೆಜಮಾನ್ರು ಹಾಸಿಗೆ ಹಿಡಿದ ಮೇಲೆ ಮಂಡೀಲಿ ಬಂದ ಗುಮಾಸ್ತರೆಲ್ಲ ನನ್ನ ಕಣ್ಣಿಗೆ ಮಣ್ಣು ಹಾಕೋರೇ. ಇವನಿಗೋ ಕೂಡೋಕೂ ಬರಲ್ಲ. ಲೆಕ್ಕ ಬಂದ ಹೆಣ್ಣು ಮನೆ ಆಳ್ತಾಳೆ ಅಂತ ನೀವೇ ಹೇಳಿದ್ರಂತಲ್ಲ, ಅದನ್ನೂ ಬರೆದಿದ್ರು. ನಂಗೆ ಅಂಥ ಸೊಸೆ ಬೇಕು ಅಂತ ಆವತ್ತೇ ಅಂದೆ."

ಆ ಮಾತು ಸುನಂದಳದೇ. ಫಲಿತಾಂಶದ ದಿನ ಪತ್ರಿಕೆಯ ಹುಡುಗ ಫೋನ್ ಮಾಡಿದಾಗ ಹೇಳಿದ್ದಳು. ಏನಾದರೂ ಹೇಳಬೇಕು, ಈಗಲೇ ಎದ್ದು ನಿಂತು ಹೇಳಬೇಕು ಎಂದುಕೊಂಡಳು. ಮೈ ಮಾತ್ರ ಕುರ್ಚಿಗೆ ಅಂಟಿಕೊಂಡಂತಿತ್ತು.

ಹುಡುಗಿ ಕಾಫಿ ಕೊಟ್ಟು ಗೋಡೆಗೊರಗಿ ನಿಂತಳು. ಸೆರಗು ಒಂದೇ ಸಮ ಜಾರುತ್ತಿತ್ತು.

"ಹಾಡು ಗೀಡು ಏನೂ ಬೇಡಮ್ಮ" ಎಂದಳು ಚಿಕ್ಕಗಂಗಮ್ಮ. "ನಾನೊಂದು ಕೇಳ್ತೀನಿ, ಹೇಳು. ನೂರಾ ಎಪ್ಪತ್ತೈದು ಕ್ರೇಟು ಕಾಯಿ ಬಂತು. ಒಂದೊಂದು ಇಪ್ಪತ್ತೆರಡು ಕೇಜಿ ತೂಗ್ತು. ಅದರಲ್ಲಿ ಬರೀ ಕ್ರೇಟೇ ಒಂದೂವರೆ ಕೇಜಿ. ಕಾಯಿ ಎಷ್ಟು?"

ಮುರಳಿಮೋಹನ್ ಮೊಬೈಲು ತೆಗೆದು ಗುಂಡಿ ಒತ್ತತೊಡಗಿದ. ಮುನಿಲಕ್ಷ್ಮಿ ನೆಲ ನೋಡಿದಳು. ತುಟಿ ಬಿಗಿ ಹಿಡಿದಿದ್ದಳು. ಆಮೇಲೆ ತಲೆಯೆತ್ತಿ ಸೀದಾ ಸುನಂದಳನ್ನು ನೋಡಿದಳು. ಹಳೆಯ ನೋಟ ಅದು. ಸುನಂದ ಯೋಚಿಸಲೇ ಇಲ್ಲ. ಅವಳ ತಲೆ ತಾನಾಗಿ ಒಂದು ಸಲ ಆಡಿತು.

"ಮೂರು ಸಾವಿರದ ಐನೂರ ಎಂಬತ್ತೇಳೂವರೆ" ಎಂದಳು ಹುಡುಗಿ.

ಮಗ ಇನ್ನೂ ಗುಂಡಿ ಒತ್ತುತ್ತಲೇ ಇದ್ದ. ಒತ್ತಿ ಮುಗಿಸಿ, ತಾಯಿಯ ಕಡೆ ನೋಡಿ ಹೌದೆಂದ. ಚಿಕ್ಕಗಂಗಮ್ಮನ ಮುಖ ಅರಳಿತು. "ಚಾಲಮ್ಮಾ, ಬಂಗಾರು ತಲ್ಲಿ" ಎಂದು ತೆಲುಗಿನಲ್ಲೇ ಕೊಂಡಾಡಿ, ತನ್ನ ಮುಡಿಯ ಮಲ್ಲಿಗೆಯನ್ನೇ ಬಿಚ್ಚಿ ಹುಡುಗಿಗೆ ಮುಡಿಸಿದಳು. ಒಳಗಿನಿಂದ ಹೆಂಗಸರು ನಕ್ಕದ್ದು ಕೇಳಿಸಿತು. ಆಷಾಢ ಹಿಡಿಯುವುದಕ್ಕೆ ಮುಂಚೆ ದೇವಸ್ಥಾನದಲ್ಲಿ ಮುಗಿಸಿಬಿಡೋಣ ಎಂದು ಮಾತು ಅಲ್ಲೇ ಶುರುವಾಯಿತು.

ಆಗ ಸುನಂದ ಎದ್ದು ನಿಂತಳು. "ಅವಳಿಗಿನ್ನೂ ಹದಿನಾರು" ಎಂದಳು. ದನಿ ತನ್ನದಲ್ಲವೆನಿಸುವಷ್ಟು ಸಣ್ಣದಾಗಿತ್ತು. "ಇದು ಅಪರಾಧ, ಕದಿರೇಶ್. ಅವಳು ಓದಬೇಕು."

ಕದಿರೇಶನಿಗೆ ಸಿಟ್ಟು ಬರಲಿಲ್ಲ. ಅವನು ನಿಜವಾಗಿಯೂ ಗೊಂದಲಗೊಂಡಿದ್ದ. "ಓದಿದ್ದಕ್ಕೇ ಅಲ್ವಾ ಮೇಡಂ ಇಂಥ ಮನೆಯೋರು ಹುಡುಕ್ಕೊಂಡು ಬಂದಿರೋದು? ಬಿಡಿಕಾಸು ಬೇಡ ಅಂತಿದಾರೆ. ಮಂಡೀಲಿ ಯಜಮಾನಿ ಥರ ಕೂರಿಸ್ತಾರೆ. ನನ್ನ ಮಗಳು ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ಯೋದು ತಪ್ತು. ಎಲ್ಲಾ ನಿಮ್ಮಿಂದ ಅಂತ ನಿಮ್ಮನ್ನ ಕರೆದೆ."

ಸುನಂದ ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದಳು. ಹುಳುಮನೆಯ ಜಗುಲಿಯ ಮೇಲೆ ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಕಂತೆಗಳಿದ್ದವು. ಸ್ವಲ್ಪ ಹೊತ್ತಿಗೆ ಮುನಿಲಕ್ಷ್ಮಿ ನೀರಿನ ಚೊಂಬು ಹಿಡಿದು ಬಂದಳು. ಹುಡುಗಿ ಅಳುತ್ತಿರಲಿಲ್ಲ.

"ನಿನಗೆ ಇಷ್ಟ ಇದೆಯಾ?"

"ಇಲ್ಲ ಮೇಡಂ."

"ಮತ್ತೆ ನಂಗೊಂದು ಮಾತು ಹೇಳಬಾರದಿತ್ತಾ? ಯಾರ ಫೋನಿಂದಾದ್ರೂ."

"ಇವತ್ತು ಬೆಳಿಗ್ಗೆನೇ ನಂಗೂ ಗೊತ್ತಾಗಿದ್ದು. ಆ ಯಮ್ಮ ಲೆಕ್ಕ ಕೇಳ್ತಾರೆ ಅಂತ ಅಮ್ಮ ಹೇಳಿದ್ಲು." ಹುಡುಗಿ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ತಪ್ಪು ಹೇಳೋಣ ಅಂತಿದ್ದೆ ಮೇಡಂ. ಏನೋ ಒಂದು ತಪ್ಪು ಹೇಳಿದ್ರೆ ಎದ್ದು ಹೋಗ್ತಾರೆ ಅಂತ. ಬಾಯಿ ಬಿಗಿ ಹಿಡ್ಕೊಂಡಿದ್ದೆ." ದೂರುವ ದನಿಯಲ್ಲಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳುವವಳಂತೆ ಹೇಳಿದಳು. "ನೀವು ತಲೆ ಆಡಿಸಿದ್ರಿ. ಬಂದ್ಬಿಡ್ತು."

ಹುಳುಮನೆಯೊಳಗೆ ಹುಳುಗಳು ಎಲೆ ತಿನ್ನುವ ಸದ್ದು ಒಂದೇ ಸಮ ಕೇಳಿಸುತ್ತಿತ್ತು. ಸುನಂದ ಹುಡುಗಿಗೆ ಏನು ಹೇಳಿದಳೋ, ಹೇಳಿದಳೋ ಇಲ್ಲವೋ, ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ನೆನಪಾಗಲಿಲ್ಲ. ಬಸ್‌ಸ್ಟಾಪಿನ ತನಕ ಹೇಗೆ ನಡೆದು ಬಂದಳೆಂಬುದೂ ನೆನಪಿಲ್ಲ. ಉಡುಗೊರೆ ಆ ಮನೆಯ ಕುರ್ಚಿಯ ಮೇಲೇ ಉಳಿದಿತ್ತು.

ಬಸ್ಸು ಬರುವ ಮುಂಚೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ ಹುಡುಗಿಯ ಹೆಸರು, ಊರು, ಅಪ್ಪನ ಹೆಸರು ಎಲ್ಲವನ್ನೂ ಹೇಳಿದಳು. ನಿಮ್ಮ ಹೆಸರು ಗುಟ್ಟಾಗಿಡಬೇಕೇ ಎಂದು ಆ ಕಡೆಯವರು ಕೇಳಿದರು. ಬೇಡವೆಂದಳು.

ಮಾರನೆಯ ದಿನ ಅಧಿಕಾರಿಗಳು ಪೊಲೀಸರ ಜೊತೆ ಬಂದರು. ಕದಿರೇಶ್ ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದೂ ಕಾಲೇಜಿಗೆ ಸೇರಿಸುವೆನೆಂದೂ ಬರೆದುಕೊಟ್ಟ. ಚಿಕ್ಕಗಂಗಮ್ಮ ಆ ಊರಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಸಂಜೆ ಕದಿರೇಶ್ ಫೋನ್ ಮಾಡಿದ. ಸುನಂದ ಬೈಗುಳ ಕೇಳಲು ಸಿದ್ಧಳಾಗಿದ್ದಳು. ಅವನು ಬೈಯಲಿಲ್ಲ. "ಪೊಲೀಸ್ ಜೀಪು ನಮ್ಮನೆ ಬಾಗ್ಲಲ್ಲಿ ನಿಂತಿದ್ದು ಊರೆಲ್ಲ ನೋಡ್ತು ಮೇಡಂ. ನಿಮ್ಮನ್ನ ದೊಡ್ಡೋರು ಅಂತ ಕರೆದಿದ್ದೆ ನಾನು" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆ ವರ್ಷದ ಶಿಬಿರಕ್ಕೆ ಆ ಊರಿನಿಂದ ಯಾರೂ ಹುಡುಗಿಯರನ್ನು ಕಳಿಸಲಿಲ್ಲ.

ಮಳೆ ಶುರುವಾದ ಮೇಲೆ ಮಾಲೂರಿನ ಪಿಯು ಕಾಲೇಜಿನಲ್ಲಿ ಹುಡುಗಿಯರಿಗೊಂದು ಭಾಷಣ ಮಾಡಲು ಸುನಂದಳನ್ನು ಕರೆದಿದ್ದರು. ಭಾಷಣಕ್ಕೆ ಇನ್ನೂ ಹೊತ್ತಿತ್ತು. ವರಾಂಡದಲ್ಲಿ ನಡೆಯುತ್ತಿದ್ದವಳು ಒಂದು ಕಿಟಕಿಯ ಹತ್ತಿರ ನಿಂತಳು. ಒಳಗೆ ಮೊದಲ ವರ್ಷದವರಿಗೆ ಗಣಿತದ ಪಾಠ. ಕೊನೆಯ ಬೆಂಚಿನ ಮೂಲೆಯಲ್ಲಿ ಮುನಿಲಕ್ಷ್ಮಿ ಕೂತಿದ್ದಳು. ಕಿಟಕಿಯ ಕಡೆ ಅವಳ ಗಮನವಿರಲಿಲ್ಲ.

"ಐದು ಅಂಶ ಇರೋ ಗಣಕ್ಕೆ ಎಷ್ಟು ಉಪಗಣ? ಯಾರು ಹೇಳ್ತೀರ?" ಎಂದು ಮೇಷ್ಟ್ರು ಕೇಳಿದರು.

ಯಾರೂ ಕೈಯೆತ್ತಲಿಲ್ಲ. ಮೇಷ್ಟ್ರು ಇನ್ನೊಂದು ಸಲ ಕೇಳಿದರು. ಮುನಿಲಕ್ಷ್ಮಿ ತಲೆ ತಗ್ಗಿಸಿ, ತುಟಿ ಕದಲಿತೋ ಇಲ್ಲವೋ ಎಂಬಂತೆ ಪಕ್ಕದ ಹುಡುಗಿಗೆ ಏನೋ ಹೇಳಿದಳು. ಆ ಹುಡುಗಿ ಎದ್ದು ನಿಂತು, "ಮೂವತ್ತೆರಡು ಸಾರ್" ಎಂದಳು.

"ವೆರಿ ಗುಡ್. ಎಲ್ರೂ ಇವಳಿಗೆ ಚಪ್ಪಾಳೆ ತಟ್ಟಿ."

ಎಲ್ಲರೂ ತಟ್ಟಿದರು. ಮುನಿಲಕ್ಷ್ಮಿಯೂ ಎಲ್ಲರ ಜೊತೆ ತಟ್ಟಿದಳು.